ಲೋಹವೆಲ್ಲ ಪೆಲೆಟ್‌ನ ಅಂಚಿಗೇ ಹೋಗಿ ಕೂರುವುದೇಕೆ?

ಪ್ರಶ್ನೆ: ಅಲ್ಯುಮಿನಾ, ಸಿಲಿಕಾದಂಥ ರಂಧ್ರಗಳಿರುವ ಪದಾರ್ಥದ ಪೆಲೆಟ್‌ಗಳನ್ನು (ಸಣ್ಣ ಗುಳಿಗೆಗಳನ್ನು) ಲೋಹದ ಲವಣದ ದ್ರಾವಣದಲ್ಲಿ ನೆನೆಸಿ, ಒಣಗಿಸಿ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ಪದಾರ್ಥ) ಮಾಡಿದೆ. ಕತ್ತರಿಸಿ ನೋಡಿದರೆ ಅಂಚಿನಲ್ಲಷ್ಟೇ ಬಣ್ಣ, ನಡುವೆಲ್ಲ ಬಿಳಿ. ನ್ಯಾನೊಕಣಗಳು ಒಳಗೂ ಸಮನಾಗಿ ಹರಡಬೇಕಾದರೆ ಏನು ಮಾಡಬೇಕು?

ಉತ್ತರ: ಮುಂದಿನ ಸಲ ಒಣಗಿಸುವ ಮೊದಲೇ, ಒದ್ದೆ ಇರುವಾಗಲೇ ಒಂದನ್ನು ಕತ್ತರಿಸಿ ನೋಡಿ. ಆಗಲೇ ಅಂಚಿನಲ್ಲಿ ಉಂಗುರ ಕಂಡರೆ ತೊಂದರೆ ನೆನೆಸುವಾಗಿನದು. ಒಣಗಿದ ಮೇಲಷ್ಟೇ ಕಂಡರೆ ಒಣಗಿಸುವಾಗಿನದು. ಇದು ಗೊತ್ತಾಗದೆ ಓವನ್ ಬಿಸಿಯನ್ನು ಸುಮ್ನೆ ಹೆಚ್ಚು ಕಡಿಮೆ ಮಾಡಿ ಪ್ರಯೋಜನವಿಲ್ಲ.

ನೆನೆಸುವಾಗಿನ ತೊಂದರೆಗೆ ಅಲ್ಯುಮಿನಾ ಮೇಲಿನ ಪ್ಲಾಟಿನಂ ಒಳ್ಳೆಯ ಉದಾಹರಣೆ. ಪಿಎಚ್ ಸುಮಾರು 8ಕ್ಕಿಂತ ಕೆಳಗಿದ್ದರೆ ಅಲ್ಯುಮಿನಾದ ಮೈಗೆ ಧನ ಆವೇಶ ಬರುತ್ತದೆ. ಕ್ಲೋರೋಪ್ಲಾಟಿನಿಕ್ ಆಮ್ಲದಲ್ಲಿ ಪ್ಲಾಟಿನಂ ಇರುವುದು ಋಣ ಅಯಾನಿನೊಳಗೆ. ಒಳಗೆ ಹೋಗುವ ಮೊದಲೇ, ಸಿಕ್ಕ ಜಾಗಕ್ಕೆ ಅಂಟಿಕೊಂಡುಬಿಡುತ್ತದೆ. ದ್ರಾವಣಕ್ಕೆ ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸಿದರೆ ಅದೂ ಅದೇ ಜಾಗಗಳಿಗೆ ಪೈಪೋಟಿ ಮಾಡುತ್ತದೆ, ಪ್ಲಾಟಿನಂ ಒಳಕ್ಕೆ ಸರಿಯುತ್ತದೆ. ಜಾಸ್ತಿ ಹಾಕಿದರೆ ಅಂಚು ಖಾಲಿಯಾಗಿ ಉಂಗುರವೇ ಒಳಗೆ ಹೋಗುತ್ತದೆ.

ಅಂದಹಾಗೆ, ಸಮನಾಗಿ ಹರಡುವುದೇ ಯಾವಾಗಲೂ ಒಳ್ಳೆಯದು ಅಂತೇನಿಲ್ಲ. ಕ್ರಿಯೆ ತುಂಬಾ ವೇಗದ್ದಾದರೆ ಅನಿಲ ನಡುವಿಗೆ ತಲುಪುವಷ್ಟರಲ್ಲೇ ಖರ್ಚಾಗಿರುತ್ತದೆ. ಅಲ್ಲಿ ಪ್ಲಾಟಿನಂ ಇಡುವುದು ದಂಡ ಅಲ್ವಾ? ಅನಿಲದಲ್ಲಿ ಕ್ಯಾಟಲಿಸ್ಟ್ ಕೆಡಿಸುವ ವಿಷವಿದ್ದು ಅದು ಅಂಚಿನಲ್ಲೇ ಸಿಕ್ಕಿಬೀಳುವಂತಿದ್ದರೆ, ಒಳ ಉಂಗುರವೇ ಲೇಸು.

ಸಿಲಿಕಾ ಮೇಲಿನ ನಿಕಲ್ ನೈಟ್ರೇಟ್ ಕತೆ ಬೇರೆ, ಅಲ್ಲಿ ತೊಂದರೆ ಒಣಗಿಸುವಾಗಿನದು. ಆ ಆಮ್ಲೀಯ ದ್ರಾವಣದಲ್ಲಿ ನಿಕಲ್‌ಗೆ ಸಿಲಿಕಾದ ಹಿಡಿತ ಕಡಿಮೆ. ನೀರು ಆರುವುದು ಹೊರಮೈಯಿಂದ. ಸಣ್ಣ ರಂಧ್ರಗಳು ಒಳಗಿನ ದ್ರಾವಣವನ್ನು ಅಲ್ಲಿಗೆ ಎಳೆಯುತ್ತವೆ, ಲವಣವೂ ಜೊತೆಗೇ ಬಂದು ಅಂಚಿನಲ್ಲಿ ಉಳಿಯುತ್ತದೆ. ನೈಟ್ರೇಟ್ ಬದಲು ಸಿಟ್ರೇಟ್ ಸಂಕೀರ್ಣ ಬಳಸಿ. ಅದು ಒಣಗುತ್ತಾ ಹರಳಾಗದೆ ಅಂಟಿನಂತೆ ಮಂದವಾಗುತ್ತದೆ, ಇದ್ದಲ್ಲೇ ನಿಲ್ಲುತ್ತದೆ. ಹೆಪ್ಪುಗಟ್ಟಿಸಿ ಒಣಗಿಸುವ ದಾರಿಯೂ ಇದೆ.

ಕಣ್ಣಿಗೆ ಬಣ್ಣ ಸಮ ಕಂಡರೂ ಕಣಗಳು ಗುಂಪುಗಟ್ಟಿರಬಹುದು. ಅದನ್ನು ತೋರಿಸುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ. ನೈಟ್ರೇಟನ್ನು ಗಾಳಿಯಲ್ಲಿ ಕಾಯಿಸುವಾಗ ಹೊರಬರುವ ಅನಿಲಗಳು ಅಲ್ಲೇ ಉಳಿದರೆ ಕಣಗಳು ದಪ್ಪಗಾಗುತ್ತವೆ. ಪೆಲೆಟ್‌ಗಳನ್ನು ರಾಶಿ ಹಾಕದೆ ತೆಳ್ಳಗೆ ಹರಡಿ, ಮೇಲಿಂದ ಅನಿಲ ಹರಿಯಲು ಬಿಡಿ. ಹೀಲಿಯಂ ಜೊತೆ ಸ್ವಲ್ಪ ನೈಟ್ರಿಕ್ ಆಕ್ಸೈಡ್ ಬೆರೆಸಿ ಹರಿಸಿದರೆ ನಿಕಲ್ ಆಕ್ಸೈಡ್ ಕಣಗಳು ಇನ್ನೂ ಸಣ್ಣಗೆ ಬರುತ್ತವೆ. ಆದರೆ ನೈಟ್ರಿಕ್ ಆಕ್ಸೈಡ್ ವಿಷಾನಿಲ, ಫ್ಯೂಮ್ ಹುಡ್ (ಅನಿಲವನ್ನು ಹೊರಗೆಳೆಯುವ ಗೂಡು) ಇಲ್ಲದೆ ಮುಟ್ಟಬೇಡಿ.