ಘಾಟಿ ಹತ್ತುವ ಮೊದಲು ಆ ಬಾಣ ಒತ್ತಿ

ಶಿರಾಡಿ ಘಾಟಿಯ ಬುಡದ ಗುಂಡ್ಯ ದಾಟಿದ ಕೂಡಲೇ ಫೋನಿನಲ್ಲಿ ಕೇಳುತ್ತಿದ್ದ ಬಿಬಿಸಿ ನಿಂತುಹೋಯಿತು ಎನ್ನುವ ದೂರು ತಪ್ಪಿದ್ದಲ್ಲ. ಬಿಬಿಸಿ ನಿಂತಿಲ್ಲ ಮಾರಾಯ್ರೇ, ಹೋದದ್ದು ನಿಮ್ಮ ನೆಟ್‌ವರ್ಕ್.

ಪಾಡ್‌ಕಾಸ್ಟ್ ಅಂದರೆ ಬೇಕಾದಾಗ ಫೋನಿನಲ್ಲಿ ಕೇಳುವ, ಕಂತು ಕಂತಾಗಿ ಬರುವ ಆಡಿಯೋ ಕಾರ್ಯಕ್ರಮ. ಅದರ ಆಪಿನಲ್ಲಿ ಸಬ್‌ಸ್ಕ್ರೈಬ್ ಒತ್ತಿದರೆ ಕಾರ್ಯಕ್ರಮ ಫೋನಿನೊಳಗೆ ಬಂದು ಕೂತಿತು ಅಂತ ಹೆಚ್ಚಿನವರ ನಂಬಿಕೆ. ಬಂದದ್ದು ಬರೀ ಪಟ್ಟಿ: ಕಂತಿನ ಹೆಸರು, ತಾರೀಕು, ಎರಡು ಸಾಲು ವಿವರ, ಆಡಿಯೋ ಇರುವ ವಿಳಾಸ. ಆಡಿಯೋ ಇನ್ನೂ ಅವರ ಸರ್ವರಿನಲ್ಲೇ ಉಂಟು. ಮದುವೆ ಕಾಗದ ಕೈಗೆ ಬಂದ ಮಾತ್ರಕ್ಕೆ ಊಟ ಆದ ಹಾಗೆಯೇ? ಕಂತಿನ ಪಕ್ಕದ ಕೆಳಮುಖ ಬಾಣ ಒತ್ತಬೇಕು, ಡೌನ್‌ಲೋಡ್ ಮುಗಿದು ಆ ಗುರುತು ಬದಲಾಗುವ ತನಕ ಕಾಯಬೇಕು. ಆಮೇಲೆ ಮನೆಯಲ್ಲೇ ಫ್ಲೈಟ್ ಮೋಡ್ ಹಾಕಿ ನುಡಿಸಿ ನೋಡಿ. ಮೊದಲ ನಿಮಿಷ ಕೇಳಿಸಿತು ಅಂತ ಸಮಾಧಾನ ಬೇಡ, ಕೊನೆಯ ಐದು ನಿಮಿಷಕ್ಕೆ ಎಳೆದು ನೋಡಿ. ನಡುವೆ ವೈಫೈ ಕಡಿದಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಜಾಗ ಸಾಲದು ಅನ್ನುವ ನೆಪ ನಡೆಯುವುದಿಲ್ಲ. 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಫೈಲು ಗಂಟೆಗೆ ಸುಮಾರು 58 ಎಂಬಿ. ಹತ್ತು ಗಂಟೆಯ ಮಾತು 600 ಎಂಬಿಯೊಳಗೆ ಮುಗಿಯಿತು. ಅದನ್ನೇ ಯೂಟ್ಯೂಬಿನಲ್ಲಿ ಹಾಕಿ, ಪರದೆ ನೋಡದೆ ಕೇಳುವವರು ಹಲವು ಪಟ್ಟು ಡೇಟಾ ಸುಡುತ್ತಾರೆ.

ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು. ಬಿಬಿಸಿ ಸೌಂಡ್ಸ್ ಆಪ್ ಕೂಡ 2025ರ ಜುಲೈಯಿಂದ ಬ್ರಿಟನ್ನಿನ ಹೊರಗಿನವರಿಗೆ ಇಲ್ಲ. ಆದರೆ ಬಿಬಿಸಿಯ ಪಾಡ್‌ಕಾಸ್ಟುಗಳು ಬೇರೆ ಆಪ್‌ಗಳಲ್ಲಿ ಸಿಗುತ್ತವೆ. ಆಂಡ್ರಾಯ್ಡ್‌ಗೆ ಆಂಟೆನಾಪಾಡ್ ಸಾಕು, ಬಿಟ್ಟಿಯದು. ಹುಡುಕುವಾಗ ಹೆಸರಿನ ಕೆಳಗೆ ಪ್ರಕಾಶಕರು ಯಾರು ಅಂತ ಓದಿ. ಅದೇ ಹೆಸರಿನಲ್ಲಿ ಯಾರ್ಯಾರೋ ಇರುತ್ತಾರೆ. ತಾನಾಗಿ ಡೌನ್‌ಲೋಡ್ ಆಗುವುದನ್ನು ಮೂರು ನಾಲ್ಕು ಕಾರ್ಯಕ್ರಮಕ್ಕೆ ಮಾತ್ರ, ಅದೂ ವೈಫೈಯಲ್ಲಿ ಮಾತ್ರ ಇಡಿ. ಕೇಳುತ್ತಿದ್ದ ಹಾಗೆ ತನ್ನಷ್ಟಕ್ಕೆ ನಿಂತರೆ ತಪ್ಪು ಸಾಮಾನ್ಯವಾಗಿ ಫೋನಿನ ಬ್ಯಾಟರಿ ಉಳಿತಾಯದ್ದು. ಸೆಟ್ಟಿಂಗ್ಸ್‌ನಲ್ಲಿ ಈ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ.

ಆಕಾಶವಾಣಿಯನ್ನು ಈ ಲೆಕ್ಕಕ್ಕೆ ಸೇರಿಸುವವರು ತುಂಬ. ನ್ಯೂಸ್‌ಆನ್‌ಏರ್ ಆಪಿನಲ್ಲಿ ನಿಲಯಗಳು ಬರುವುದು ನೇರ ಪ್ರಸಾರವಾಗಿ. ಅದನ್ನು ಗಂಟು ಕಟ್ಟಿ ಘಾಟಿಗೆ ಒಯ್ಯಲು ಬರುವುದಿಲ್ಲ.

ಯಾವುದು ಕೇಳಬೇಕು ಎನ್ನುವುದು ಯಾರು ಕೇಳುತ್ತಾರೆ ಎನ್ನುವುದರ ಮೇಲೆ. ಇಂಗ್ಲಿಷ್ ಇನ್ನೂ ಕಿವಿಗೆ ಹತ್ತದವರು ಬಿಬಿಸಿಯ ಸಿಕ್ಸ್ ಮಿನಿಟ್ ಇಂಗ್ಲಿಷ್ ಹಿಡಿಯಲಿ, ಬರಹವೂ ಜೊತೆಗೆ ಸಿಗುತ್ತದೆ. ಆಮೇಲೆ ವಿಟ್ನೆಸ್ ಹಿಸ್ಟರಿ: ಹತ್ತು ನಿಮಿಷದ ಆಸುಪಾಸು, ಘಟನೆಯನ್ನು ಕಣ್ಣಾರೆ ಕಂಡವರೇ ಹೇಳುತ್ತಾರೆ. ವ್ಯಾಪಾರದಲ್ಲಿ ಆಸಕ್ತಿ ಇದ್ದರೆ ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್‌ನ ಪ್ಲಾನೆಟ್ ಮನಿ, 2008ರಿಂದ ನಡೆಯುತ್ತಿದೆ. 2013ರಲ್ಲಿ ಅವರು ಒಂದು ಟೀ ಶರ್ಟು ಮಾಡಿಸಲು ಹೊರಟು, ಹತ್ತಿಯಿಂದ ಬಾಂಗ್ಲಾದೇಶದ ಹೊಲಿಗೆ ಯಂತ್ರದವರೆಗೆ ಬೆನ್ನುಹತ್ತಿ ಹೋದ ಕಂತುಗಳಿಂದ ಶುರು ಮಾಡಿ.

ಜರ್ಮನಿಗೆ ಹೊರಟ ನರ್ಸಿಂಗ್ ಮಕ್ಕಳಿಗೆ ಅಲ್ಲಿನ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ನಿಧಾನ ಓದಿನ ಜರ್ಮನ್ ವಾರ್ತೆ ಇದೆ, ಅದರ ಪಠ್ಯ ವೆಬ್‌ಸೈಟಿನಲ್ಲಿ. ನಿಧಾನ ಅಂದರೆ ಸುಲಭ ಅಂತಲ್ಲ. ಎ1 ಅಂದರೆ ಭಾಷೆಯ ಮೊದಲ ಮೆಟ್ಟಿಲಿನಲ್ಲಿ ಇರುವವರು ಇದನ್ನು ಹಿಡಿದು ಸೋತು ಬಿಡುತ್ತಾರೆ. ಮೂರನೇ ಮೆಟ್ಟಿಲಾದ ಬಿ1 ದಾಟಿದ ಮೇಲೆ ಬನ್ನಿ. ಮೊದಲು ಬರೀ ಕೇಳಿ, ಮತ್ತೆ ಪಠ್ಯ ನೋಡುತ್ತ ಕೇಳಿ, ಮೂರನೇ ಸಲ ಪಠ್ಯ ಮುಚ್ಚಿ.

ಇನ್ನು ರೈಲಿನ ವಿಷಯ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ. ಒಳಗೆ ಹೊಕ್ಕಾಗ ಗಾಲಿಯ ಸದ್ದು ಗೋಡೆಗೆ ಬಡಿದು ಕಿವಿಗೇ ಬರುತ್ತದೆ. ಅಮೆರಿಕದ ರೇಡಿಯೋಲ್ಯಾಬ್‌ನಂಥ, ಪದರ ಪದರವಾಗಿ ಸದ್ದು ಕಟ್ಟಿದ ಕಾರ್ಯಕ್ರಮ ಅಲ್ಲಿ ಪೂರಾ ವ್ಯರ್ಥ, ವಾಲ್ಯೂಮ್ ಏರಿಸಿ ಕಿವಿ ಕೆಡಿಸಿಕೊಳ್ಳುವುದಷ್ಟೇ. ಅದನ್ನು ಮಂಗಳೂರಿನಿಂದ ಸುಬ್ರಹ್ಮಣ್ಯದವರೆಗೆ ಮುಗಿಸಿ. ಸುರಂಗಗಳಿಗೆ ಬಿಬಿಸಿಯ ಇನ್ ಅವರ್ ಟೈಮ್ ಇರಲಿ: 1998ರಲ್ಲಿ ಶುರುವಾದದ್ದು, ಮೇಜಿನ ಸುತ್ತ ಮೂವರು ಪ್ರಾಧ್ಯಾಪಕರು, ಸಂಗೀತದ ಗೊಡವೆ ಇಲ್ಲ. ಒಂದು ವಾಕ್ಯ ತಪ್ಪಿದರೆ 15 ಸೆಕೆಂಡು ಹಿಂದೆ ಹೋದರಾಯಿತು.