ಯಾರ ಹೆಸರಿನ ಜೆರ್ಸಿ ಕೊಂಡರೆ ದುಡ್ಡು ದಂಡ ಆಗಲ್ಲ?

ಪ್ರಶ್ನೆ: ನಾವು ಸಾಂಟಾ ಕ್ಲಾರಾಕ್ಕೆ ಬಂದು ಎರಡು ವರ್ಷ ಆಯ್ತು. ಸ್ಟೇಡಿಯಂ ಮನೆಯಿಂದ ಹತ್ತು ನಿಮಿಷ. ಈಗ ನನಗೂ ನನ್ನ ಒಂಬತ್ತು ವರ್ಷದ ಮಗನಿಗೂ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಫಾರ್ಟಿನೈನರ್ಸ್‌ನ ಹುಚ್ಚು ಹಿಡಿದಿದೆ. ಇಬ್ಬರಿಗೂ ಒಂದೊಂದು ಜೆರ್ಸಿ ತಗೋಬೇಕು. ಆದರೆ ಇವತ್ತು ಇಲ್ಲಿ ಆಡೋನು ಮುಂದಿನ ವರ್ಷ ಇನ್ನೆಲ್ಲೋ ಇರ್ತಾನೆ. ಯಾರ ಹೆಸರಿನದು ತಗೊಂಡ್ರೆ ನಾಲ್ಕು ವರ್ಷ ಹಾಕಬಹುದು? ಅಷ್ಟೊಂದು ದುಡ್ಡಿರೋ ತಂಡ ಒಳ್ಳೊಳ್ಳೆಯವರನ್ನ ಯಾಕೆ ಬಿಟ್ಟುಕೊಡುತ್ತೆ?

ಉತ್ತರ: ನಿಮಗೆ 54, ಫ್ರೆಡ್ ವಾರ್ನರ್. ಕೆಂಪು ಬಣ್ಣದ್ದು. ಮಗನಿಗೆ ಅವನು ಕೇಳಿದ್ದು. ಅವಸರ ಇದ್ದರೆ ಓದೋದು ಇಲ್ಲಿಗೇ ನಿಲ್ಲಿಸಿ ಅಂಗಡಿಗೆ ಹೊರಡಬಹುದು.

ಪ್ರತಿ ಆಗಸ್ಟ್‌ನಲ್ಲಿ, ಸೀಸನ್ ಶುರುವಾಗೋ ಮುಂಚೆ, ಈ ಪ್ರಶ್ನೆಯನ್ನು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ, ತಪ್ಪು ಜೆರ್ಸಿ ಕೊಳ್ಳೋದರಲ್ಲಿ ನನಗೆ ಒಳ್ಳೆ ಅನುಭವ ಇದೆ. ನಮ್ಮ ಗ್ಯಾರೇಜಿನಲ್ಲಿ 5ನೇ ನಂಬರಿನ ಕೆಂಪು ಜೆರ್ಸಿ ಒಂದು ನೇತಾಡುತ್ತಿದೆ. ಹಿಂದೆ ಲ್ಯಾನ್ಸ್ ಅಂತ ಹೆಸರು. ಹೊಲಿದ ಅಕ್ಷರ, ಹೊಲಿದ ನಂಬರು, ದುಬಾರಿ ನಮೂನೆ. ಕಾರು ತೊಳೆಯುವಾಗ ಹಾಕಿಕೊಳ್ಳುತ್ತೇನೆ.

2021ರ ಡ್ರಾಫ್ಟ್‌ನಲ್ಲಿ ಟ್ರೇ ಲ್ಯಾನ್ಸ್ ಮೂರನೇ ಆಯ್ಕೆ. (ಡ್ರಾಫ್ಟ್ ಅಂದರೆ ತಂಡಗಳು ಪ್ರತಿ ವರ್ಷ ಕಾಲೇಜು ಹುಡುಗರನ್ನು ಸರದಿಯಂತೆ, ಸುತ್ತು ಸುತ್ತಾಗಿ ಆರಿಸಿಕೊಳ್ಳೋದು. ಈ ಸರದಿಗಳನ್ನೇ ಒಬ್ಬರಿಗೊಬ್ಬರು ಕೊಟ್ಟು ತಗೊಳ್ಳುತ್ತಾರೆ.) ಆ ಮೂರನೇ ಜಾಗಕ್ಕೆ ಏರೋದಕ್ಕೆ ನಮ್ಮವರು ಮಯಾಮಿಗೆ ಕೊಟ್ಟಿದ್ದು ಏನು ಗೊತ್ತಾ? ಆ ವರ್ಷದ 12ನೇ ಆಯ್ಕೆ, 2022ರ ಮೊದಲ ಸುತ್ತು, 2023ರ ಮೊದಲ ಸುತ್ತು, ಮೇಲೊಂದು ಮೂರನೇ ಸುತ್ತಿನ ಆಯ್ಕೆ. ಇಷ್ಟು ಕೊಟ್ಟು ತಂದವನನ್ನು ಹತ್ತು ವರ್ಷವಾದರೂ ಇಟ್ಟುಕೊಳ್ಳುತ್ತಾರೆ ಅಂತ ಯಾರಿಗಾದರೂ ಅನಿಸುತ್ತೆ ಅಲ್ವಾ? ನನಗೂ ಅನಿಸಿತು. ಅವನು ಇಲ್ಲಿ ಮೊದಲಿನಿಂದಲೇ ಕಣಕ್ಕಿಳಿದದ್ದು ನಾಲ್ಕೇ ಪಂದ್ಯದಲ್ಲಿ. 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಅವನನ್ನು ಡಾಲಸ್‌ಗೆ ಕಳಿಸಿದರು. ಡಾಲಸ್‌ಗೆ! ಬೇರೆ ಊರೇ ಇರಲಿಲ್ವಾ? ಹುಡುಗನ ತಪ್ಪೇನಿಲ್ಲ, ಎರಡನೇ ವರ್ಷ ಕಣಕಾಲು ಮುರಿಯಿತು. ತಪ್ಪು ನನ್ನದು. ಇನ್ನೂ ಆಡದವನ ಹೆಸರನ್ನು ಬೆನ್ನ ಮೇಲೆ ಹಾಕಿಕೊಂಡೆ.

ಅದೇ ಹೊತ್ತಿಗೆ 2022ರ ಡ್ರಾಫ್ಟ್‌ನ ಕಟ್ಟಕಡೆಯ ಹೆಸರು, 262ನೇ ಆಯ್ಕೆ, ಬ್ರಾಕ್ ಪರ್ಡಿ. ಕೊನೆಯಲ್ಲಿ ಉಳಿದವನಿಗೆ ಲೀಗಿನಲ್ಲಿ 'ಮಿಸ್ಟರ್ ಇರ್‌ರೆಲೆವೆಂಟ್' ಅಂತ ಒಂದು ತಮಾಷೆಯ ಬಿರುದು ಬೇರೆ ಇದೆ. ಆ ವರ್ಷ ಅವನ ಜೆರ್ಸಿ ಕೊಂಡವರನ್ನು ನಾನು ನೋಡಿಲ್ಲ. 2024ರ ಫೆಬ್ರವರಿಯಲ್ಲಿ ತಂಡವನ್ನು ಸೂಪರ್ ಬೌಲ್‌ವರೆಗೆ, ಅಂದರೆ ಲೀಗಿನ ಫೈನಲ್‌ವರೆಗೆ, ಕರೆದುಕೊಂಡು ಹೋದವನು ಅವನೇ. ಕ್ಯಾನ್ಸಸ್ ಸಿಟಿ ಎದುರು ಹೆಚ್ಚುವರಿ ಸಮಯದಲ್ಲಿ 25-22ಕ್ಕೆ ಸೋತಿದ್ದು ಬೇರೆ ಮಾತು. ಆ ರಾತ್ರಿಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ದುಡ್ಡಿದೆ, ಆದರೆ ಖರ್ಚು ಮಾಡೋ ಹಾಗಿಲ್ಲ. ಐಪಿಎಲ್ ಹರಾಜಿನಲ್ಲಿ ಎಲ್ಲ ತಂಡಕ್ಕೂ ಇಷ್ಟೇ ಅಂತ ಒಂದು ಮಿತಿ ಇರುತ್ತದಲ್ಲ, ಹಾಗೇ ಇಲ್ಲಿ ಸ್ಯಾಲರಿ ಕ್ಯಾಪ್. 1994ರಲ್ಲಿ ಶುರುವಾದಾಗ ತಂಡಕ್ಕೆ 3.46 ಕೋಟಿ ಡಾಲರ್ ಇತ್ತು. 2025ಕ್ಕೆ ಅದು 27.92 ಕೋಟಿ. 32 ತಂಡಕ್ಕೂ ಒಂದೇ ಮಿತಿ, ಮಾಲೀಕ ಎಷ್ಟೇ ದೊಡ್ಡ ಕುಳವಾದರೂ. ಅದರೊಳಗೇ 53 ಜನರನ್ನು ಸಾಕಬೇಕು.

ಪರ್ಡಿ ಕೊನೆಯ ಆಯ್ಕೆಯಾಗಿದ್ದರಿಂದ ಅವನ ಸಂಬಳವೂ ಕೊನೆಯವರದ್ದೇ. 2024ರಲ್ಲಿ ಕ್ಯಾಪ್ ಲೆಕ್ಕದಲ್ಲಿ ಅವನಿಗೆ ಹೋಗಿದ್ದು ಸುಮಾರು 10 ಲಕ್ಷ ಡಾಲರ್. ಅವನು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳು ವರ್ಷಕ್ಕೆ 5 ಕೋಟಿಗೆ ಸಹಿ ಹಾಕುತ್ತಿದ್ದ ಕಾಲ ಅದು. ಮಿಕ್ಕಿದ ದುಡ್ಡಲ್ಲೇ ಬೋಸಾ, ಮೆಕ್ಯಾಫ್ರಿ, ಕಿಟಲ್, ವಾರ್ನರ್, ಡೀಬೋ, ಈ ದುಬಾರಿ ಆಟಗಾರರನ್ನೆಲ್ಲ ಒಟ್ಟಿಗೆ ಇಟ್ಟುಕೊಂಡಿದ್ದರು. 2025ರ ಮೇ ತಿಂಗಳಲ್ಲಿ ಪರ್ಡಿಗೆ 5 ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ ಆಯಿತು. ಅದು ಬರುತ್ತದೆ ಅಂತ ಗೊತ್ತಿದ್ದರಿಂದ ಮಾರ್ಚ್‌ನಲ್ಲೇ ಮನೆ ಖಾಲಿ ಮಾಡೋ ಕೆಲಸ ನಡೆದಿತ್ತು. ಗ್ರೀನ್‌ಲಾ ಮತ್ತು ಹುಫಾಂಗಾ ಡೆನ್ವರ್‌ಗೆ, ವಾರ್ಡ್ ಇಂಡಿಯಾನಾಪೊಲಿಸ್‌ಗೆ, ಬ್ಯಾಂಕ್ಸ್ ಗ್ರೀನ್ ಬೇಗೆ, ಹಾರ್ಗ್ರೇವ್ ಮಿನ್ನೆಸೋಟಾಗೆ. ಒಂದೇ ತಿಂಗಳಲ್ಲಿ ಎಷ್ಟು ಜೆರ್ಸಿ ಹಳತಾದವು ನೋಡಿ. ಜಾಗ ತುಂಬಿಸೋಕೆ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ 11 ಹುಡುಗರನ್ನು ತಂದರು, ಮೊದಲ ಐವರೂ ಡಿಫೆನ್ಸ್‌ನವರೇ. ನನ್ನ ಕೇಳಿದರೆ ಅದು ಸರಿಯಾದ ಕೆಲಸ. ಅಗ್ಗದ ಹುಡುಗರು ಒಂದು ಕಡೆ ಗುಂಪಾಗಿ ಇದ್ದರೇ ಇನ್ನೊಂದು ಕಡೆ ದುಬಾರಿಯವರನ್ನು ಇಟ್ಟುಕೊಳ್ಳೋಕೆ ಆಗೋದು.

ಹೊಸಬರ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನವನಾದರೆ ತಂಡ ಬೇಕೆಂದರೆ ಐದನೇ ವರ್ಷ ಸೇರಿಸಬಹುದು. ಹುಫಾಂಗಾ, ಬ್ಯಾಂಕ್ಸ್ ಇಬ್ಬರೂ 2021ರಲ್ಲಿ ಬಂದವರು, ನಾಲ್ಕು ವರ್ಷ ಮುಗಿದ ಕೂಡಲೇ ಹೊರಟರು. ಅದೇ ವರ್ಷ ಬಂದ ಲೆನೋರ್‌ಗೆ ಅವಧಿ ಮುಗಿಯೋ ಮುಂಚೆಯೇ ಹೊಸ ಒಪ್ಪಂದ ಸಿಕ್ಕಿತು, ಉಳಿದ. ಹಾಗಾಗಿ ಮೂರನೇ ವರ್ಷದಲ್ಲಿರೋ ಹುಡುಗನ ಜೆರ್ಸಿ ಕೊಳ್ಳೋದು ಅಂದರೆ ಎಕ್ಸ್‌ಪೈರಿ ಡೇಟು ಹತ್ತಿರ ಇರೋ ಹಾಲಿನ ಪ್ಯಾಕೆಟ್ ಕೊಂಡ ಹಾಗೆ.

ಇನ್ನು ಜೆರ್ಸಿಗೆ ನಿಜವಾದ ವಿಮೆ ಯಾವುದು ಅಂತ ಹೇಳುತ್ತೇನೆ. ಸೈನಿಂಗ್ ಬೋನಸ್.

ಒಬ್ಬನಿಗೆ 5 ವರ್ಷದ ಒಪ್ಪಂದ, ಜೊತೆಗೆ 5 ಕೋಟಿ ಬೋನಸ್ ಅಂತ ಇಟ್ಟುಕೊಳ್ಳಿ. ದುಡ್ಡು ಆಟಗಾರನಿಗೆ ಬೇಗ ಸಿಗುತ್ತದೆ. ಕ್ಯಾಪ್ ಲೆಕ್ಕದಲ್ಲಿ ಮಾತ್ರ ವರ್ಷಕ್ಕೆ 1 ಕೋಟಿಯಂತೆ ಹಂಚುತ್ತಾರೆ. ಚೀಟಿ ಹಾಕಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ: ಮೊದಲ ತಿಂಗಳೇ ಚೀಟಿ ಎತ್ತಿಕೊಂಡಾಯ್ತು, ಕಂತು ಕಟ್ಟೋದು ಬಾಕಿ ಇದೆ. ಎರಡು ವರ್ಷ ಆದಮೇಲೆ ಅವನನ್ನು ಬೇರೆ ತಂಡಕ್ಕೆ ಕಳಿಸಿದರೆ ಉಳಿದ 3 ಕೋಟಿ ಒಂದೇ ಸಲ ಆ ವರ್ಷದ ಲೆಕ್ಕಕ್ಕೆ ಬಂದು ಕೂರುತ್ತದೆ. ಜೂನ್ 1 ದಾಟಿಸಿ ಕಳಿಸಿದರೆ ಎರಡು ವರ್ಷಕ್ಕೆ ಹಂಚಬಹುದು, ಅಷ್ಟೇ. ಆಟಗಾರ ಇಲ್ಲ, ಅವನ ಖರ್ಚು ಇದೆ. ಇದಕ್ಕೆ ಡೆಡ್ ಮನಿ ಅನ್ನುತ್ತಾರೆ. ಹೀಗೆ ಬೋನಸ್ ಲೆಕ್ಕ ಜಾಸ್ತಿ ಬಾಕಿ ಇರೋ ಆಟಗಾರನನ್ನು ಬಿಡೋಕೆ ಯಾವ ತಂಡಕ್ಕೂ ಕೈ ಬರೋದಿಲ್ಲ. ಆದ್ದರಿಂದ ಜೆರ್ಸಿ ಕೊಳ್ಳುವ ಮುಂಚೆ ಅವನು ಎಷ್ಟು ಟಚ್‌ಡೌನ್ ಹೊಡೆದ ಅಂತ ನೋಡಬೇಡಿ, ಯಾವಾಗ ಸಹಿ ಹಾಕಿದ ಅಂತ ನೋಡಿ. ಸಹಿ ಹಾಕಿ ಒಂದು ವರ್ಷದೊಳಗೆ ಕೊಂಡರೆ ಎರಡು ಸೀಸನ್‌ಗೆ ಮೋಸವಿಲ್ಲ.

ಮೋಸವೇ ಇಲ್ಲ ಅಂತಲ್ಲ. 2025ರ ಮಾರ್ಚ್‌ನಲ್ಲಿ ಡೀಬೋ ಸ್ಯಾಮ್ಯುಯೆಲ್‌ನನ್ನು ಬರೀ ಐದನೇ ಸುತ್ತಿನ ಆಯ್ಕೆಗೆ ವಾಷಿಂಗ್ಟನ್‌ಗೆ ಕೊಟ್ಟರು. ಆ ವರ್ಷದ ಲೆಕ್ಕದಲ್ಲಿ 3 ಕೋಟಿ ಡಾಲರ್‌ಗಿಂತ ಜಾಸ್ತಿ ಡೆಡ್ ಮನಿ ನುಂಗಿಕೊಂಡು! ಡೆನ್ವರ್‌ನವರದ್ದು ಇನ್ನೂ ಕೆಟ್ಟ ಕಥೆ. ರಸೆಲ್ ವಿಲ್ಸನ್‌ಗೆ 2022ರಲ್ಲಿ 24.5 ಕೋಟಿಯ ಹೊಸ ಒಪ್ಪಂದ ಕೊಟ್ಟರು, ಅದರ ಹೊಸ ವರ್ಷಗಳು ಶುರುವಾಗುವ ಮುಂಚೆಯೇ 2024ರಲ್ಲಿ ಮನೆಗೆ ಕಳಿಸಿದರು, 8.5 ಕೋಟಿ ಡೆಡ್ ಮನಿಯನ್ನು ಎರಡು ವರ್ಷಕ್ಕೆ ಹಂಚಿ ಅನುಭವಿಸಿದರು. ಕೋಪ ಬಂದರೆ ತಂಡಗಳೂ ಲೆಕ್ಕ ನೋಡೋದಿಲ್ಲ.

ಹಾಗಾದರೆ 54 ಯಾಕೆ? ವಾರ್ನರ್ 2018ರಲ್ಲಿ ಮೂರನೇ ಸುತ್ತಿನಲ್ಲಿ ಬಂದವನು. 2025ರಲ್ಲಿ ಇನ್ನೂ ಮೂರು ವರ್ಷ, 6.3 ಕೋಟಿಗೆ ಸಹಿ ಹಾಕಿದ. ಒಪ್ಪಂದ 2029ರವರೆಗೆ. ಡಿಫೆನ್ಸ್‌ನ ನಡುವೆ ನಿಂತು ಎಲ್ಲರಿಗೂ ಕೂಗಿ ಹೇಳೋನು ಅವನೇ. ಅದೇ ಅಕ್ಟೋಬರ್‌ನಲ್ಲಿ ಟ್ಯಾಂಪಾದಲ್ಲಿ ಅವನ ಕಣಕಾಲು ತಿರುಚಿ ಮುರಿದಾಗ ಎರಡೂ ತಂಡದವರು ಬಂದು ಸುತ್ತ ನಿಂತರು. ಅಂಥವನನ್ನು ಗಾಯದ ನೆಪದಲ್ಲಿ ಬಿಡೋ ತಂಡವಲ್ಲ ಇದು ಅಂತ ನನ್ನ ನಂಬಿಕೆ. ಕಾಗದದ ಮೇಲೆ ಪರ್ಡಿಯ 13 ಇನ್ನೂ ಭದ್ರ, 2030ರವರೆಗೆ. ಆದರೆ ಸ್ಟೇಡಿಯಂನಲ್ಲಿ ಯಾವ ಕಡೆ ತಿರುಗಿದರೂ 13. ಮದುವೆ ಮನೆಗೆ ಹೋದರೆ ನಿಮ್ಮದೇ ಸೀರೆ ಇನ್ನೂ ನಾಲ್ಕು ಜನ ಉಟ್ಟ ಹಾಗೆ. ಕಿಟಲ್‌ನ 85 ನನಗೆ ತುಂಬಾ ಇಷ್ಟ. ಆದರೆ ಮೂವತ್ತು ದಾಟಿದ ಟೈಟ್ ಎಂಡ್ (ಎದುರಾಳಿಯನ್ನು ತಡೆಯೋದೂ ಚೆಂಡು ಹಿಡಿಯೋದೂ ಅವನ ಕೆಲಸ), ಮೈ ಒಡ್ಡಿ ಆಡುತ್ತಾನೆ. ನಾಲ್ಕು ವರ್ಷ ಅಂತ ನೀವು ಕೇಳಿದ್ದರಿಂದ ಹಿಂಜರಿಯುತ್ತೇನೆ.

ಹಳೆಯ ಹೀರೋಗಳ ಜೆರ್ಸಿ ತಗೊಳ್ಳಿ, ಅವರೆಲ್ಲಿ ಓಡಿಹೋಗುತ್ತಾರೆ ಅನ್ನೋರೂ ಇದ್ದಾರೆ. ಮೊಂಟಾನಾ 16, ರೈಸ್ 80, ಲಾಟ್ 42. ಈ ನಂಬರುಗಳನ್ನು ಇನ್ನು ಯಾರಿಗೂ ಕೊಡೋದಿಲ್ಲ, ನಿಜ. ಆದರೆ ನೆನಪಿರಲಿ, ಈ ಮೂವರೂ ಕೊನೆಗೆ ಬೇರೆ ತಂಡದಲ್ಲಿ ಆಡಿದವರೇ. ಮೊಂಟಾನಾ 1993ರಲ್ಲಿ ಕ್ಯಾನ್ಸಸ್ ಸಿಟಿಗೆ ಹೋಗಿ 19ನೇ ನಂಬರು ಹಾಕಿದ. ರೈಸ್ 2001ರಲ್ಲಿ ಕೊಲ್ಲಿಯ ಆಚೆ ಓಕ್ಲೆಂಡ್‌ಗೆ ಹೋದ.

ಯಾವ ಬಣ್ಣ ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ. ಕೆಂಪು, ತೋಳಿನ ಮೇಲೆ ಮೂರು ಬಿಳಿ ಪಟ್ಟಿ. ಈಗಿನ ಆಟಗಾರರ ಜೆರ್ಸಿ ಮೈಗೆ ಅಂಟಿಕೊಂಡಿರುತ್ತದೆ, ತೋಳು ತೀರಾ ಗಿಡ್ಡ, ಪಟ್ಟಿಗೆ ಜಾಗವೇ ಸಾಲದು. ಅಂಗಡಿಯಲ್ಲಿ ನಮಗೆ ಮಾರೋದರಲ್ಲಿ ತೋಳು ಉದ್ದ, ಮೂರೂ ಪಟ್ಟಿ ಸರಿಯಾಗಿ ಕಾಣುತ್ತವೆ. ಅಂದರೆ ಮೈದಾನದಲ್ಲಿ ಇರೋರಿಗಿಂತ ಗ್ಯಾಲರಿಯಲ್ಲಿ ಕೂತ ನಾವೇ ನೋಡೋಕೆ ಸರಿಯಾಗಿರುತ್ತೇವೆ. ಪ್ಯಾಂಟಿನ ಬಗ್ಗೆ ಮಾತ್ರ ನನ್ನ ತಕರಾರು ಇದೆ. ಹೆಲ್ಮೆಟ್ಟಿನ ಚಿನ್ನ ಬಿಸಿಲಿಗೆ ಫಳಫಳ ಅನ್ನುತ್ತದೆ, ಪ್ಯಾಂಟಿನದು ಖಾಕಿಯ ಕಡೆ ವಾಲಿದೆ. ಅದೃಷ್ಟಕ್ಕೆ ಪ್ಯಾಂಟು ನಾವು ಕೊಳ್ಳಬೇಕಾಗಿಲ್ಲ.

ಈ ತಂಡಕ್ಕೆ ಬಟ್ಟೆ ಬದಲಾಯಿಸುವ ಚಪಲ ಬಂದಾಗಲೆಲ್ಲ ಎಡವಟ್ಟಾಗಿದೆ. 1991ರಲ್ಲಿ ಹೆಲ್ಮೆಟ್ ಮೇಲಿನ ಎಸ್‌ಎಫ್ (ಸ್ಯಾನ್ ಫ್ರಾನ್ಸಿಸ್ಕೋ) ತೆಗೆದು ತಂಡದ ಹೆಸರನ್ನೇ ಬರೆಸಿದ ಹೊಸ ಹೆಲ್ಮೆಟ್ ತೋರಿಸಿದರು. ಜನ ಎಷ್ಟು ಕೂಗಾಡಿದರು ಅಂದರೆ ಒಂದು ವಾರದೊಳಗೆ ವಾಪಸ್ ತಗೊಂಡರು. ಒಂದು ಪಂದ್ಯದಲ್ಲೂ ಅದನ್ನು ಯಾರೂ ಹಾಕಲಿಲ್ಲ. 1996ರಲ್ಲಿ ಕೆಂಪನ್ನು ಕಡುಗೆಂಪು ಮಾಡಿದರು, 2009ರಲ್ಲಿ ಹಳೆಯದಕ್ಕೇ ಮರಳಿದರು.

ಒಂದು ಸಲ ಮಾತ್ರ ಬದಲಾವಣೆ ಕೈ ಹಿಡಿಯಿತು, ಅದೂ ಹಿಂದಕ್ಕೆ ಹೋಗಿ. 1994ರಲ್ಲಿ ಲೀಗಿಗೆ 75 ವರ್ಷ ಅಂತ ಎಲ್ಲ ತಂಡಗಳೂ ಕೆಲವು ಪಂದ್ಯಕ್ಕೆ ಹಳೇ ಕಾಲದ ಉಡುಪು ಹಾಕಿದವು. ನಮ್ಮವರದ್ದು 1955ರ ನಮೂನೆ. ನಂಬರಿನ ಹಿಂದೆ ಕಪ್ಪು ನೆರಳು, ಬಿಳಿ ಪ್ಯಾಂಟು. ಅದರಲ್ಲಿ ಗೆಲ್ಲುತ್ತಾ ಹೋದರು, ಲೀಗನ್ನು ಕೇಳಿಕೊಂಡು ಅದನ್ನೇ ಮುಂದುವರಿಸಿದರು, ಸೂಪರ್ ಬೌಲ್‌ನಲ್ಲಿ ಸ್ಯಾನ್ ಡಿಯೇಗೋವನ್ನು 49-26ಕ್ಕೆ ಹೊಡೆದದ್ದೂ ಅದೇ ಬಟ್ಟೆಯಲ್ಲಿ. ಆ ತಂಡದಲ್ಲಿ 21ನೇ ನಂಬರು ಡಿಯಾನ್ ಸ್ಯಾಂಡರ್ಸ್. ಕ್ಯಾಪ್ ಬಂದ ಮೊದಲ ವರ್ಷ, ಒಂದೇ ವರ್ಷದ ಒಪ್ಪಂದಕ್ಕೆ ಬಂದ. ಆರು ಇಂಟರ್‌ಸೆಪ್ಷನ್ (ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಹಿಡಿಯೋದು), ಅದರಲ್ಲಿ ಮೂರನ್ನು ಓಡಿಸಿ ಟಚ್‌ಡೌನ್ ಮಾಡಿದ, ಕಪ್ ಗೆದ್ದ, ಮರುವರ್ಷ ಡಾಲಸ್‌ಗೆ ಹೊರಟುಹೋದ. (ಡಾಲಸ್ ಯಾಕೆ ನಮಗೆ ಆಗಲ್ಲ ಅಂತ ಈಗ ಗೊತ್ತಾಯ್ತಾ?)

ಕಳೆದ ಚಳಿಗಾಲದ ಒಂದು ಪಂದ್ಯದಲ್ಲಿ ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಆ 21ನ್ನು ಹಾಕಿಕೊಂಡಿದ್ದರು. ಕಪ್ಪು ನೆರಳಿನ ಅಂಚಲ್ಲಿ ಹೊಲಿಗೆ ಬಿಚ್ಚಿ, ಬೇರೆ ಬಣ್ಣದ ದಾರದಲ್ಲಿ ಮತ್ತೆ ಹೊಲಿದಿದ್ದು ಕಾಣುತ್ತಿತ್ತು. ಒಂದೇ ವರ್ಷ ಆಡಿದವನ ಜೆರ್ಸಿ, ಮೂವತ್ತು ವರ್ಷವಾದರೂ ಮೈಮೇಲೇ ಇದೆ. ನಾನು ಇಷ್ಟು ಹೊತ್ತು ಹೇಳಿದ ಬೋನಸ್ ಲೆಕ್ಕವೆಲ್ಲ ಆ ಮನುಷ್ಯನಿಗೆ ಬೇಕೇ ಇರಲಿಲ್ಲ. ಆದರೆ ಯಾವ ವರ್ಷ ಕಪ್ ಬರುತ್ತೆ ಅಂತ ಮೊದಲೇ ಹೇಳೋರು ಯಾರು? ಅಲ್ಲಿವರೆಗೆ ಲೆಕ್ಕವೇ ಗತಿ.

ಕೊಳ್ಳುವಾಗ ಎರಡು ವಿಷಯ. ಅಗ್ಗದ ನಮೂನೆಯಲ್ಲಿ ನಂಬರು ಅಚ್ಚು ಹಾಕಿರುತ್ತಾರೆ, ಡ್ರೈಯರ್‌ಗೆ ಹಾಕಿದರೆ ಬಿರುಕು ಬಿಡುತ್ತದೆ. ಒಳಮೈ ಹೊರಗೆ ಮಾಡಿ ಒಗೆದು ನೆರಳಲ್ಲಿ ಒಣಹಾಕಿ. ನಾಲ್ಕು ವರ್ಷ ಹಾಕೋ ಆಸೆ ಇದ್ದರೆ ಸ್ವಲ್ಪ ಜಾಸ್ತಿ ಕೊಟ್ಟು ಹೊಲಿದದ್ದೇ ತಗೊಳ್ಳಿ. ಅಳತೆ ಒಂದು ಸೈಜ್ ದೊಡ್ಡದಿರಲಿ. ಸೆಪ್ಟೆಂಬರ್‌ನಲ್ಲಿ ಲೀವೈಸ್ ಸ್ಟೇಡಿಯಂನ ಪೂರ್ವದ ಕಡೆ ಕೂತರೆ ಬಿಸಿಲಿಗೆ ಬೆಂದುಹೋಗುತ್ತೀರಿ, ಡಿಸೆಂಬರ್ ರಾತ್ರಿ ಅದೇ ಜೆರ್ಸಿಯ ಒಳಗೆ ಸ್ವೆಟರ್ ತುರುಕಬೇಕು.

ಮಗನ ವಿಷಯಕ್ಕೆ ಈ ತಲೆಬಿಸಿಯೇ ಬೇಡ. ಒಂಬತ್ತು ವರ್ಷದ ಹುಡುಗ. ಯಾರ ಒಪ್ಪಂದ ಮುಗಿಯೋಕೂ ಮುಂಚೆ ಜೆರ್ಸಿ ಅವನಿಗೆ ಗಿಡ್ಡವಾಗಿರುತ್ತದೆ. ಅವನು ಯಾವ ಹೆಸರು ಹೇಳುತ್ತಾನೋ ಅದನ್ನೇ ಕೊಡಿಸಿ. ನಮ್ಮ ಬದ್ಧ ಎದುರಾಳಿ ಸಿಯಾಟಲ್‌ನವರದ್ದು ಕೇಳಿದರೆ ಮಾತ್ರ ಇನ್ನೊಂದು ಸಲ ಬರೆಯಿರಿ, ಅದು ಬೇರೆಯೇ ಸಮಸ್ಯೆ.