ಪೌತಿ ಖಾತೆಯೊಂದರಿಂದಲೇ ತೋಟದ ಹಕ್ಕು ಸಿಗುವುದಿಲ್ಲ

ಪತಿ ತೀರಿಕೊಂಡ ಮೇಲೆ ಕಾಫಿ ತೋಟದ ಕಾಗದಪತ್ರ ಹಿಡಿದು ವಕೀಲರ ಬಳಿ ಬರುವ ಮಹಿಳೆಯರಲ್ಲಿ ಹೆಚ್ಚಿನವರು ಕೇಳುವುದು, ಪೌತಿ ಖಾತೆಯಾಗಿ (ಮೃತರ ಖಾತೆ ವಾರಸುದಾರರ ಹೆಸರಿಗೆ ಬದಲಾಗಿ) ಪಹಣಿಯಲ್ಲಿ ತಮ್ಮ ಹೆಸರು ಯಾವಾಗ ಬರುತ್ತದೆ ಎಂದು. ಅದಕ್ಕೂ ಮೊದಲು ತಿಳಿಯಬೇಕಾದದ್ದು, ಆ ತೋಟ ಪತಿಗೆ ಹೇಗೆ ಬಂತು ಎಂಬುದು.

ಹಿಂದೂ ಕುಟುಂಬಗಳ ಮಟ್ಟಿಗೆ ಹೇಳುವುದಾದರೆ, ಪತಿಯ ಸ್ವಯಾರ್ಜಿತ ತೋಟವಾಗಿದ್ದು ಉಯಿಲು ಇಲ್ಲದಿದ್ದಲ್ಲಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ಬದುಕಿದ್ದರೆ ಪತಿಯ ತಾಯಿ, ಇವರೆಲ್ಲ ಸಮಪಾಲಿನ ವಾರಸುದಾರರು. ವಂಶವೃಕ್ಷ ಮಾಡಿಸುವಾಗ ಅತ್ತೆಯ ಹೆಸರು ಬಿಟ್ಟುಹೋಗುವುದು ಸಾಮಾನ್ಯ. ಮುಂದೆ ಅತ್ತೆ ಉಯಿಲು ಬರೆಯದೆ ತೀರಿಕೊಂಡರೆ ಆ ಪಾಲಿನಲ್ಲಿ ಮೈದುನ, ನಾದಿನಿಯರೂ ಹಕ್ಕುದಾರರಾಗುತ್ತಾರೆ.

ಪಿತ್ರಾರ್ಜಿತವಾದರೆ ಲೆಕ್ಕ ಜಟಿಲ. ಬಾಂಬೆ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ 1978ರಲ್ಲಿ ತೀರ್ಮಾನವಾದ ಗುರುಪಾದ ಮಗದುಮ್ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಹೀರಾಬಾಯಿಯ ಪತಿ 1960ರಲ್ಲಿ ತೀರಿಕೊಂಡಾಗ ಇಬ್ಬರು ಗಂಡು, ಮೂವರು ಹೆಣ್ಣುಮಕ್ಕಳಿದ್ದರು. ಸಾವಿಗೆ ತುಸು ಮೊದಲು ವಿಭಾಗವಾಗಿತ್ತೆಂದು ಭಾವಿಸಿ ಪತಿ, ಪತ್ನಿ, ಇಬ್ಬರು ಗಂಡುಮಕ್ಕಳಿಗೆ ತಲಾ ನಾಲ್ಕನೆಯ ಒಂದು ಪಾಲು ಎಂದು ಎಣಿಸಿ, ಬಳಿಕ ಪತಿಯ ಪಾಲನ್ನು ಆರು ಮಂದಿ ವಾರಸುದಾರರಿಗೆ ಹಂಚಿದಾಗ ಹೀರಾಬಾಯಿಗೆ ಒಟ್ಟು 7/24 ಪಾಲು ಸಿಕ್ಕಿತು. ಈ ಅಂಕಿಯನ್ನು ಇಂದು ಹಾಗೆಯೇ ನಕಲು ಮಾಡಬಾರದು: 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಹದಾಯಾದಿಗಳು (ಪಿತ್ರಾರ್ಜಿತದಲ್ಲಿ ಪಾಲುದಾರರು), ಅಲ್ಲದೆ ವಿಭಾಗದ ವೇಳೆ ಹೆಂಡತಿಗೆ ಪಾಲು ಕೊಡುವ ರೂಢಿ ಹಿಂದೂ ಕಾನೂನಿನ ಮದ್ರಾಸ್ ಕಡೆಯ ಸಂಪ್ರದಾಯದಲ್ಲಿಲ್ಲ.

ಹೀಗೆ ಬಂದ ಪಾಲು ಜೀವಿತಾವಧಿಯ ಅನುಭೋಗವಷ್ಟೇ ಎಂದು ಊರಿನ ಹಿರಿಯರು ಈಗಲೂ ಹೇಳುವುದುಂಟು. ಅದು ತಪ್ಪು; ಕಾಯ್ದೆಯ 14ನೇ ಕಲಮಿನ ಪ್ರಕಾರ ಆಕೆ ಅದರ ಪೂರ್ಣ ಒಡತಿ, ಮಾರಬಹುದು, ಉಯಿಲನ್ನೂ ಬರೆಯಬಹುದು.

ಖಾತೆಯ ವಿಷಯಕ್ಕೆ ಬಂದರೆ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ ಪೌತಿ ಖಾತೆ ಮಾಡಿಸುವುದು ಅಗತ್ಯವೇ. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮು ಪಹಣಿಯ ನಮೂದನ್ನು ವಿರುದ್ಧವಾದುದು ಸಾಬೀತಾಗುವವರೆಗೆ ಮಾತ್ರ ಸತ್ಯವೆಂದು ಭಾವಿಸುತ್ತದೆ, ಮತ್ತು ಖಾತೆ ಬದಲಾವಣೆಯು ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲವೆಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ‘ಸದ್ಯಕ್ಕೆ ಹಿರಿಯ ಮಗನ ಹೆಸರಿಗೆ ಮಾಡಿಸೋಣ’ ಎಂಬ ಸಲಹೆಗೆ ನಾನು ಎಂದೂ ಒಪ್ಪುವುದಿಲ್ಲ. ಬ್ಯಾಂಕಿನ ಸಾಲ, ಬೆಳೆ ಪರಿಹಾರ ಎಲ್ಲವೂ ಆ ಒಂದು ಹೆಸರಿನ ಸುತ್ತ ತಿರುಗತೊಡಗಿದ ಮೇಲೆ ತಾಯಿ ತನ್ನ ಪಾಲನ್ನು ದಾವೆ ಹೂಡಿಯೇ ಪಡೆಯಬೇಕಾದೀತು. ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿ ಖಾತೆಯಾಗಲಿ.

ಇಡೀ ತೋಟ ಆಕೆಯೊಬ್ಬಳಿಗೇ ಉಳಿಯಬೇಕೆಂದರೆ ಉಳಿದವರು ಉಪನೋಂದಣಿ ಕಚೇರಿಯಲ್ಲಿ ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ನೋಂದಾಯಿಸಿಕೊಡಬೇಕು. ಬರಿಯ ಛಾಪಾ ಕಾಗದದ ಮೇಲಿನ ಸಹಿಗಳಿಂದ ಹಕ್ಕು ವರ್ಗವಾಗದು. ಪಾಲು ಮಾಡಿಕೊಳ್ಳುವುದಾದರೆ ನೋಂದಣಿಗೆ ಮೊದಲು ಸರ್ವೆ ಇಲಾಖೆಯಿಂದ, ಭಾಗವಾಗುವ ಜಮೀನಿನ ಗಡಿ ತೋರಿಸುವ 11ಇ ನಕ್ಷೆ ಪಡೆಯಬೇಕು.

ಮಕ್ಕಳಲ್ಲಿ ಯಾರಾದರೂ ಅಪ್ರಾಪ್ತರಾಗಿದ್ದು, ತಂದೆಯ ಸ್ವಯಾರ್ಜಿತದಲ್ಲಿ ಅವರಿಗೆ ಬಂದ ಪಾಲನ್ನು ಬಿಟ್ಟುಕೊಡುವ ಪ್ರಶ್ನೆ ಎದ್ದರೆ, ತಾಯಿಯ ಸಹಿಯಷ್ಟೇ ಸಾಲದು, ನ್ಯಾಯಾಲಯದ ಪೂರ್ವಾನುಮತಿ ಬೇಕು. ಅದಿಲ್ಲದೆ ಮಾಡಿದ ಪತ್ರವನ್ನು ಆ ಮಗು ಪ್ರಾಪ್ತ ವಯಸ್ಸಿಗೆ ಬಂದ ಮೂರು ವರ್ಷಗಳೊಳಗೆ ದಾವೆ ಹೂಡಿ ರದ್ದುಪಡಿಸಿಕೊಳ್ಳಬಹುದು.